ಚಿಕ್ಕ ಹಾಸಿಗೆಯ ತಗ್ಗು

ಅಂಗಡಿಯ ಹಿಂದಿನ ಕೋಣೆಯಿಂದ,
ಮಂಗಳವಾರ, ಮಧ್ಯಾಹ್ನ

ನನ್ನ ಮೊಂಡ ಮೈದುನನಿಗೆ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೋ, ಇಲ್ಲ ನೆಲದ ಮೇಲೆ ಕಾಲು ಮಡಚಿ ಕೂತು ಕೂತು ಇನ್ನಷ್ಟು ಹೆಚ್ಚಿಸಿಕೊಂಡೆಯೋ? ಮಧ್ಯಾಹ್ನದ ಮೇಲೆ ನೀನು ಏನೂ ತಿನ್ನುವುದಿಲ್ಲವಂತೆ. ಚಿಕ್ಕವನಿದ್ದಾಗ ಕತ್ತಲಾದ ಮೇಲೆ ಎರಡು ಸಲ ತಟ್ಟೆ ಮುಂದೆ ಕೂರುತ್ತಿದ್ದವನು ನೀನು. ಇದನ್ನೆಲ್ಲ ಹತ್ತಿ ತರುವ ಲಾರಿಯ ಡ್ರೈವರ್ ಹೇಳಿದ. ವಿಹಾರದಲ್ಲಿ ಎಲ್ಲರೂ ನಿನ್ನನ್ನು ಭಂತೆ ಎಂದು ಕರೆಯುತ್ತಾರೆಂದೂ ಹೇಳಿದ. ಸಂತೋಷ. ನನ್ನ ಬಾಯಿಗೆ ಅದು ಬರುವುದಿಲ್ಲ. ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು, ನೀನು ಹೆಸರು ಬದಲಾಯಿಸಿಕೊಂಡ ಮಾತ್ರಕ್ಕೆ ನಾನು ಬದಲಾಗುವುದಿಲ್ಲ.

ನಾನು ಗಟ್ಟಿಯಾಗಿದ್ದೇನೆ. ನಿನ್ನಣ್ಣ ಗಟ್ಟಿಯಾಗಿಲ್ಲ. ಎದೆಯ ಫೋಟೋ ತೆಗೆಸಿದ ಡಾಕ್ಟರು, ಒಳಗೆಲ್ಲ ಹತ್ತಿಯ ಧೂಳು ಕೂತಿದೆ, ಇನ್ನು ಮದ್ದು ಕೊಡುವುದು ಬರೀ ಸಮಾಧಾನಕ್ಕೆ ಎಂದರು. ಜೀವನಪೂರ್ತಿ ಊರವರ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿಕೊಟ್ಟವರು ಈಗ ಮೂರು ದಿಂಬಿಗೆ ಒರಗಿಕೊಂಡು ಕೂತೇ ನಿದ್ದೆ ಮಾಡುತ್ತಾರೆ. ಮಲಗಿದರೆ ಉಸಿರು ಸಿಗುವುದಿಲ್ಲ. ಹಾಸಿಗೆ ಅಂಗಡಿಯವನಿಗೇ ಹಾಸಿಗೆಯ ಯೋಗ ತಪ್ಪಿತು ನೋಡು ಎಂದು ಡಾಕ್ಟರ ಎದುರಿಗೇ ನಕ್ಕರು. ಡಾಕ್ಟರು ನಗಲಿಲ್ಲ. ಅಂಗಡಿಯನ್ನು ನಾನೇ ನಡೆಸುತ್ತಿದ್ದೇನೆ. ಎದುರು ಸಾಲಿನಲ್ಲಿ ಫೋಮ್ ಹಾಸಿಗೆಯ ಅಂಗಡಿ ಬಂದಿದೆ. ಎಷ್ಟು ವರ್ಷ ಮಲಗಿದರೂ ತಗ್ಗೇ ಬೀಳುವುದಿಲ್ಲ ಎಂದು ಬೋರ್ಡು ಹಾಕಿದ್ದಾರೆ. ಅದನ್ನು ಓದಿ ಹೇಳಿದೆ. "ಹಾಗಾದ್ರೆ ತಮ್ಮನ ನಿರ್ವಾಣ ಈಗ ಅಂಗಡೀಲೇ ಸಿಗುತ್ತೆ ಅನ್ನು" ಎಂದರು. ನಮ್ಮ ಮಗು ತೀರಿಹೋದ ಮೇಲೆ ಅವರ ಬಾಯಿಂದ ತಮ್ಮ ಎಂಬ ಮಾತು ಬಂದದ್ದು ಅದೇ ಮೊದಲು. ಅವತ್ತಿನಿಂದ ನಿಲ್ಲಿಸಿಲ್ಲ. ಅದಕ್ಕೇ ಈ ಕಾಗದ.

ನಿಮ್ಮಿಬ್ಬರ ವಾದ ನಿನಗೆ ಮರೆತಿರಲಿಕ್ಕಿಲ್ಲ. ವಿಹಾರಕ್ಕೆ ಕೂರುವ ದಿಂಬುಗಳನ್ನು ಕೊಟ್ಟು ಬಾ ಎಂದು ಕಳಿಸಿದರೆ ನೀನು ದಿಂಬಿನ ಮೇಲೆ ಕೂತೇಬಿಟ್ಟೆ, ಪ್ರವಚನ ಮುಗಿಯುವ ತನಕ ಏಳಲಿಲ್ಲ. ಮಾರನೆಯ ದಿನದಿಂದ ಅಂಗಡಿಯಲ್ಲಿ ಅದೇ ಮಾತು. ಹಾಸಿಗೆಯ ಆ ತುದಿಗೆ ನೀನು, ಈ ತುದಿಗೆ ಅವರು, ನಡುವೆ ಆತ್ಮ. ಅವರು ದಾರವನ್ನು ಒಂದೇ ಸಲ ಉದ್ದಕ್ಕೆ ಎಳೆಯುತ್ತಿದ್ದರು, ನೀನು ಎಳೆದು ಕೊನೆಗೊಮ್ಮೆ ಜಗ್ಗುತ್ತಿದ್ದೆ. ಅಡುಗೆಮನೆಯಲ್ಲಿದ್ದರೂ ದಾರದ ಸದ್ದಿನಿಂದಲೇ ಯಾರ ಕೈಯಲ್ಲಿ ದಬ್ಬಣ ಇದೆಯೆಂದು ನನಗೆ ತಿಳಿಯುತ್ತಿತ್ತು. ಹಾಸಿಗೆ ಬಿಚ್ಚಿಸಲು ತಂದ ಗಿರಾಕಿಗಳು ತಮ್ಮ ಹತ್ತಿ ಅದಲುಬದಲಾಗದಂತೆ ಕಾವಲು ಕೂರುತ್ತಿದ್ದರಲ್ಲ, ಅವರನ್ನೇ ತೋರಿಸಿ ನಿನ್ನಣ್ಣ ಹೇಳುತ್ತಿದ್ದರು: "ನೋಡೋ, ಗವಸು ಹರಿದ್ರೆ ಯಾರೂ ಅಳಲ್ಲ. ನನ್ನ ಹತ್ತಿ ನನಗೇ ಬರ್ಲಿ ಅಂತಾರೆ. ಆ ಹತ್ತೀನೇ ಆತ್ಮ." ನೀನು ಬಿಡುತ್ತಿದ್ದೆಯಾ? ಹಿಂಜಿದಾಗಲೆಲ್ಲ ಒಂದಿಷ್ಟು ಧೂಳಾಗಿ ಹಾರುತ್ತದೆ, ಅಷ್ಟೇ ಹೊಸದು ಸೇರಿಸುತ್ತೇವೆ, ಕೊನೆಗೆ ಇದರಲ್ಲಿ ಮೊದಲಿನ ಹಿಡಿ ಯಾವುದು, ತೆಗೆದು ತೋರಿಸು ಎನ್ನುತ್ತಿದ್ದೆ. ಹಾರಿದ ಧೂಳು ಎಲ್ಲಿಗೆ ಹೋಯಿತೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಹಾಗಾದರೆ ಮರುಜನ್ಮ ಯಾರಿಗೆ ಎಂದು ಅವರು ಹಟ ಹಿಡಿದರು. ಇವನು ಕದ್ದರೆ ಮುಂದೆ ಇನ್ನೊಬ್ಬ ಯಾರೋ ಏಟು ತಿನ್ನಬೇಕೇ? ಅದಕ್ಕೆ ನೀನು ತಗ್ಗಿನ ಮಾತು ತೆಗೆದೆ. ಗವಸು ಹೊಸದು, ಹತ್ತಿ ಹೊಸದಾಗಿ ಹಿಂಜಿದ್ದು, ಆದರೂ ತಿಂಗಳೊಳಗೆ ತಗ್ಗು ಮೊದಲಿದ್ದ ಕಡೆಯೇ ಬೀಳುತ್ತದಲ್ಲ ಅಣ್ಣ, ಹಳೆಯ ತಗ್ಗನ್ನು ಯಾರಾದರೂ ಹೊತ್ತು ತಂದರೇ? ಒಂದು ಜನ್ಮದಿಂದ ಇನ್ನೊಂದಕ್ಕೆ ದಾಟುವುದು ಅಷ್ಟೇ, ಅಭ್ಯಾಸ, ಆಸೆ. ಆಸೆ ಆರಿದರೆ ತಗ್ಗಿಲ್ಲ, ಅದೇ ಬಿಡುಗಡೆ ಎಂದೆ. ನಿನ್ನಣ್ಣ ದಬ್ಬಣ ನಿಲ್ಲಿಸಿ, "ತಗ್ಗು ಬೀಳಬೇಕಾದ್ರೆ ಮಲಗೋನು ಅಂತ ಒಬ್ಬ ಬೇಕಲ್ವೇನೋ?" ಎಂದರು. ಕಾವಲು ಕೂತಿದ್ದ ಗಿರಾಕಿ ಚಪ್ಪಾಳೆ ತಟ್ಟಿದ. ನೀನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ನಾನು ನೋಡಿದ್ದೇನೆ. ಆಮೇಲೆ ನೀನು ಮನೆ ಬಿಟ್ಟು ದೀಕ್ಷೆ ತೆಗೆದುಕೊಳ್ಳುತ್ತೇನೆ ಎಂದಾಗಲೂ ಅವರಿಗೆ ಸಿಟ್ಟು ಬರಲಿಲ್ಲ. ಮೆತ್ತನೆಯ ಹಾಸಿಗೆಯಲ್ಲಿ ಮಲಗಬಾರದು ಎಂಬ ನಿಯಮವೂ, ನಿಮ್ಮ ಮಾತಲ್ಲಿ ಶೀಲ, ಇದೆಯೆಂದು ಗೊತ್ತಾದಾಗ ಮಾತ್ರ, "ನಮ್ಮ ಕಸುಬಿಗೇ ಕಲ್ಲು ಹಾಕೋ ಧರ್ಮ ಹುಡುಕ್ಕೊಂಡ್ಯಲ್ಲೋ" ಎಂದು ಗೊಣಗಿದರು. ನೀನು ಹೋದ ಮೇಲೆ ಹಾಸಿಗೆಯ ಆ ತುದಿಯನ್ನು ನಾನು ಹಿಡಿಯಲು ಕಲಿತೆ.

ಅಷ್ಟಕ್ಕೇ ನಿಂತಿದ್ದರೆ ನೀನು ಇವತ್ತಿಗೂ ಈ ಮನೆಗೆ ಬಂದು ಹೋಗುತ್ತಿದ್ದೆ. ಮಗು ಜ್ವರದಲ್ಲಿ ತೀರಿಕೊಂಡಾಗ ಆ ವಾರವೇ ನೀನು ಬಂದೆ, ಬೋಳು ತಲೆ, ಕಾವಿ ಬಟ್ಟೆ. ಮೂಲೆಯಲ್ಲಿ ಕೂತಿದ್ದ ನಿನ್ನಣ್ಣ ಒಂದೇ ಮಾತು ಕೇಳಿದರು, "ಅವಳು ಎಲ್ಲಿಗೆ ಹೋಗಿರ್ತಾಳೋ?" ಅದು ವಾದವಾಗಿರಲಿಲ್ಲ. ನೀನು ಉತ್ತರ ಕೊಟ್ಟೆ. "ಹೋಗೋಕೆ ಒಳಗೆ ಯಾರೂ ಇರ್ಲಿಲ್ಲ ಅಣ್ಣ. ಹುಡುಕಬೇಡ." ದುಃಖ ಇಳಿಯಲಿ ಎಂದೇ ಹೇಳಿದೆ ಎಂದು ನಾನು ನಂಬಿದ್ದೇನೆ. ನಿನ್ನ ದನಿ ನನಗೆ ಗೊತ್ತು. ಆದರೆ ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನೀನು ಅಂಗಳದಲ್ಲಿ ನಿಂತು ನಿಂತು ಹೊರಟುಹೋದೆ. ಮಗುವಿನ ಚಿಕ್ಕ ಹಾಸಿಗೆಯನ್ನು ಅವರು ಬೆಡ್‌ಶೀಟಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. ಅವಳು ಎಡಮಗ್ಗುಲಿಗೆ ಮುದುಡಿ ಮಲಗುತ್ತಿದ್ದ ತಗ್ಗು ಅದರಲ್ಲಿ ಹಾಗೇ ಇತ್ತು. ಊರಿನ ಹಾಸಿಗೆಯನ್ನೆಲ್ಲ ಬಿಚ್ಚಿದರು, ಅದೊಂದಕ್ಕೆ ಬಿಸಿಲು ತೋರಿಸಲೂ ಬಿಡಲಿಲ್ಲ. ತಗ್ಗಿದೆ, ಅಂದಮೇಲೆ ಮಲಗಿದವಳೂ ಎಲ್ಲೋ ಇದ್ದಾಳೆ. ಬಾಯಿಬಿಟ್ಟು ಹೇಳದಿದ್ದರೂ ಅವರು ಇಷ್ಟು ವರ್ಷ ಬದುಕಿದ್ದು ಅದೊಂದರ ಮೇಲೆ.

ಈಗ ದಿನವೂ ದಿಂಬಿಗೆ ಒರಗಿ ನಿನ್ನೊಡನೆ ವಾದ ಮಾಡುತ್ತಾರೆ. ನೀನಿಲ್ಲವಲ್ಲ, ಎರಡೂ ಪಕ್ಷ ಅವರದೇ. ತಮ್ಮ ಮಾತನ್ನು ಒಂದು ಉಸಿರಿಗೆ ಹೇಳುತ್ತಾರೆ, ನಿಂತು, ಕೆಮ್ಮಿ, ನಿನ್ನ ಮಾತನ್ನು ಇನ್ನೊಂದು ಉಸಿರಿಗೆ ಹೇಳುತ್ತಾರೆ. ನಿನ್ನ ಪಕ್ಷವನ್ನು ನಿನಗಿಂತ ಚೆನ್ನಾಗಿ ವಾದಿಸುತ್ತಾರೆ. ಅದೇ ನನಗೆ ಹೆದರಿಕೆ. ಪ್ರತಿದಿನ ಸೋಲುತ್ತಾರೆ. ಸೋತ ಮೇಲೆ ಬೀರುವಿನ ಕಡೆ ನೋಡುವುದಿಲ್ಲ.

ನಾನು ಹೈಸ್ಕೂಲು ಮುಗಿಸಿದವಳು, ನಿಮ್ಮ ಗ್ರಂಥ ಓದಿಲ್ಲ. ನನಗೆ ಆತ್ಮ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಬಿಡುಗಡೆಯ ಮಾತು ಬಂದರೆ, ಒಂದು ಮಧ್ಯಾಹ್ನ ಯಾರೂ ಕರೆಯದೆ ಮಲಗಲು ಸಿಕ್ಕರೆ ನನಗೆ ಅಷ್ಟು ಸಾಕು. ಆದರೆ ನನ್ನ ಗಂಡ ಸೋತ ಮುಖ ಹೊತ್ತು ಹೋಗಬಾರದು. ಹೋದ ವಾರ ನಾನೇ ಒಂದು ಸುಳ್ಳು ಹೇಳಿದೆ. ಲಾರಿ ಡ್ರೈವರ್ ಕೈಲಿ ನೀನು ಹೇಳಿಕಳಿಸಿದ್ದೀಯ, ಸೋತೆ ಎಂದು ಒಪ್ಪಿದ್ದೀಯ ಎಂದೆ. ಮುಖ ಅರಳಿತು. "ಯಾವ ಮಾತಿಗೆ ಸೋತ್ನಂತೆ?" ಎಂದರು. ಮಲಗೋನು ಒಬ್ಬ ಬೇಕಲ್ವಾ ಅಂದಿದ್ರಲ್ಲ, ಅದಕ್ಕಂತೆ ಎಂದೆ. ಆಮೇಲೆ, "ಇಲ್ಲ ಕಣೇ. ಅದಕ್ಕೂ ಅವನ ಹತ್ರ ಏನೋ ಇರುತ್ತೆ. ನೀನು ಸುಳ್ಳು ಹೇಳ್ತಿದೀಯ" ಎಂದು ಗೋಡೆಯ ಕಡೆ ತಿರುಗಿದರು.

ಆದ್ದರಿಂದ ನೀನೇ ಬರಬೇಕು. ಬಂದು, ಅವರ ಎದುರಿಗೆ ಕೂತು, ನಾನು ತಪ್ಪು ತಿಳಿದಿದ್ದೆ ಅಣ್ಣ, ಮಗು ಎಲ್ಲೋ ಇದ್ದಾಳೆ, ನಿನಗೆ ಸಿಗುತ್ತಾಳೆ ಎನ್ನಬೇಕು. ಸುಳ್ಳಾಡಬಾರದು ಎಂಬ ಶೀಲ ನಿನಗಿದೆ, ಗೊತ್ತು. ಪಾಪ ಬಂದರೆ ನನ್ನ ತಲೆಗಿರಲಿ. ಸೋಲುವುದಕ್ಕೆ ನಿನಗೇಕೆ ಸಂಕಟ? ನಿನ್ನ ಮಾತಿನ ಪ್ರಕಾರ ಸೋಲಲು ಒಳಗೆ ಯಾರೂ ಇಲ್ಲವಲ್ಲ. ಇದು ಬೇಡಿಕೆ ಎಂದು ತಿಳಿಯಬೇಡ. ನಾನು ಬೇಡುವವಳಲ್ಲ. ಅತ್ತಿಗೆ ಹೇಳುತ್ತಿದ್ದಾಳೆ, ಬಾ.

ನಿಮ್ಮ ಗುರುಗಳಿಗೆ ನನ್ನ ನಮಸ್ಕಾರ ತಿಳಿಸು. ಭಿಕ್ಷುವಿಗೆ ಮನೆಯ ಹೆಂಗಸು ಆಶೀರ್ವಾದ ಮಾಡಬಹುದೋ ಕೂಡದೋ ತಿಳಿಯದು. ಈ ಕೈ ನಿನಗೆ ತುತ್ತು ಹಾಕಿದ ಕೈ, ಕೇಳದೆಯೇ ಮಾಡುತ್ತದೆ. ಚೆನ್ನಾಗಿರು, ಚಳಿಗೆ ಎದೆ ಮುಚ್ಚಿಕೋ.

ನಿನ್ನ ಅತ್ತಿಗೆ

ಮತ್ತೆ: ಬುಧವಾರ ಮಧ್ಯಾಹ್ನ. ಅಂಚೆಯವನು ಬರುವುದರೊಳಗೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೋ. ಬೆಳಿಗ್ಗೆ ಎದ್ದ ಕೂಡಲೇ ನಿನ್ನಣ್ಣ ಚಿಕ್ಕ ಹಾಸಿಗೆ ಇಳಿಸು ಎಂದರು. ತಬ್ಬಿಕೊಳ್ಳಲು ಕೇಳುತ್ತಿದ್ದಾರೆ ಎಂದುಕೊಂಡೆ. ಕತ್ತರಿ ಕೊಡು ಎಂದರು. ತಾವೇ ಹೊಲಿಗೆ ಬಿಡಿಸಿ, ತಗ್ಗಿದ್ದ ಜಾಗದಲ್ಲಿ ಮೊಣಕೈ ತನಕ ಕೈ ಹಾಕಿ ಹುಡುಕಿದರು. ಹತ್ತಿ ಹಳದಿಯಾಗಿ ಗಂಟುಗಟ್ಟಿತ್ತು. "ಬರೀ ಹತ್ತಿ ಕಣೇ. ತಮ್ಮ ಹೇಳಿದ್ದೇ ನಿಜ" ಎಂದರು. ಅಳಲಿಲ್ಲ. ಇವತ್ತು ವಾದವೂ ಇಲ್ಲ, ಮನೆ ಇಷ್ಟು ಸದ್ದಿಲ್ಲದೆ ಇದ್ದದ್ದು ನಾನು ನೋಡಿರಲಿಲ್ಲ. ಆಮೇಲೆ ಕೈಸನ್ನೆ ಮಾಡಿ ಕರೆದು, ಒಳ್ಳೇ ಹತ್ತಿ, ಎಸೀಬೇಡ, ಅವನ ಶೀಲಕ್ಕೆ ಅಡ್ಡಿಯಾಗದಷ್ಟು ತೆಳ್ಳಗೆ ಒಂದು ಹಾಸು ಮಾಡಿ ಅವನಿಗೆ ಕೊಡು, ಅವನ ಮಂಡಿಗೆ ಎಂದರು. ಧೂಳು ಅವರಿಗೆ ತಾಗದಂತೆ ಹಿತ್ತಲಲ್ಲಿ ಕೂತು ಹಿಂಜಿದೆ. ಮೂರು ಬದಿ ಹೊಲಿದಿದ್ದೇನೆ, ನಾಲ್ಕನೆಯದನ್ನು ಬಿಟ್ಟಿದ್ದೇನೆ. ಮೇಲೆ ಬರೆದದ್ದನ್ನು ಮರೆತುಬಿಡು. ಸೋಲಲು ಬರಬೇಡ, ಗೆದ್ದವನಾಗಿಯೂ ಬರಬೇಡ. ಅಷ್ಟಕ್ಕೇ ದಣಿದು ಈಗ ಅವರಿಗೆ ಕಣ್ಣು ತೆರೆಯಲೂ ಆಗುತ್ತಿಲ್ಲ, ಕಿವಿ ಮಾತ್ರ ಚುರುಕಾಗಿದೆ. ನೀನು ಏನೂ ಮಾತಾಡದೆ ಮಂಚದ ಪಕ್ಕದಲ್ಲಿ ಕೂತು ಆ ಒಂದು ಬದಿ ಹೊಲಿ. ದಾರ ಎಳೆದು ಕೊನೆಗೆ ಜಗ್ಗುವ ಸದ್ದು ಕೇಳಿದರೆ ಸಾಕು, ಯಾರು ಬಂದಿದ್ದಾರೆ ಎಂದು ಅವರಿಗೆ ತಿಳಿಯುತ್ತದೆ.