ಸೂರ್ಯನ ತಟ್ಟೆಯಡಿಯ ಸೀಸ

ಗೆಳತಿ ಎಂದು ಬರೆಯಲು ಕೈ ಬರುತ್ತಿಲ್ಲ. ಹೇಗೂ ಇದನ್ನು ನಿನಗೆ ಕಳಿಸುವುದಿಲ್ಲ, ಕರೆಯದೆಯೇ ಶುರುಮಾಡುತ್ತೇನೆ.

ಭೂಮಿ ಏಕೆ ಬಿಸಿಯಾಗುತ್ತಿದೆ ಎಂದು ತೋರಿಸಲು ನಾವಿಬ್ಬರೂ ಈ ವಿಜ್ಞಾನ ಸಂಗ್ರಹಾಲಯಕ್ಕೆ ಮಾಡಿದ ದೊಡ್ಡ ತಕ್ಕಡಿ ಇನ್ನೂ ಇದೆ. ಒಂದು ತಟ್ಟೆಯಲ್ಲಿ ಸೂರ್ಯ, ಜ್ವಾಲಾಮುಖಿ; ಇನ್ನೊಂದರಲ್ಲಿ ಮನುಷ್ಯರು ಸುಟ್ಟ ಕಲ್ಲಿದ್ದಲು, ಪೆಟ್ರೋಲು, ಕಡಿದ ಕಾಡು. ಒಂದೊಂದರ ಪಾಲು ಲೆಕ್ಕ ಹಾಕಿ, ಅದಕ್ಕೆ ತಕ್ಕ ತೂಕದ ಮರದ ತುಂಡುಗಳನ್ನು ಕೊಯ್ದವಳು ನಾನು. ಮನುಷ್ಯರ ತಟ್ಟೆ ಕೆಳಗಿಳಿಯಬೇಕಿತ್ತು, ಎರಡೂ ಸಮನಾಗಿ ನಿಂತವು. "ಕೀಲು ಬಿಗಿ ಇದೆ ಕಣೇ, ಎಣ್ಣೆ ಬಿಡು, ಸರಿಹೋಗುತ್ತೆ" ಅಂದೆ ನೀನು. ಅಂದಿನಿಂದ ಎಣ್ಣೆ ಬಿಡುತ್ತಲೇ ಬಂದೆ.

ಇವತ್ತು ಧೂಳು ಒರೆಸುವಾಗ ಸೂರ್ಯನ ತಟ್ಟೆಯಡಿ ನೀನು ಅಂಟಿಸಿದ್ದ ಸೀಸದ ತುಂಡು ಕೈಗೆ ತಗುಲಿತು. ಈ ತಕ್ಕಡಿಗೆ ದುಡ್ಡು ಕೊಟ್ಟ ಕಲ್ಲಿದ್ದಲು ಕಂಪನಿಯವರು ಮುನಿಸಿಕೊಳ್ಳಬಾರದಿತ್ತು, ಅಷ್ಟೇ ತಾನೆ? ಅಡ್ಡಗೋಡೆಯ ಮೇಲೆ ದೀಪವಿಟ್ಟಿದ್ದಕ್ಕೆ ಆ ಕಂಪನಿಯಲ್ಲೇ ಒಳ್ಳೆಯ ಕುರ್ಚಿ ಸಿಕ್ಕಿತಲ್ಲ ನಿನಗೆ.

ಸೀಸವನ್ನು ಕಿತ್ತೆ. ಮನುಷ್ಯರ ತಟ್ಟೆ ಧಡ್ಡನೆ ಕೆಳಗೆ ಕೂತಿತು. ಅಮ್ಮನ ಜೊತೆ ನೋಡಲು ಬಂದಿದ್ದ ಪುಟ್ಟ ಹುಡುಗಿಯೊಬ್ಬಳು ಬೆಚ್ಚಿದಳು.

"ಆಂಟಿ, ಇದು ಕೆಟ್ಟೋಯ್ತಾ?"

"ಇಲ್ಲ ಪುಟ್ಟಿ, ಈಗ ಸರಿಹೋಯ್ತು."

ಅವಳು ನಂಬಲಿಲ್ಲ. ಸೂರ್ಯನ ತಟ್ಟೆಯನ್ನು ಬೆರಳಿನಿಂದ ಒತ್ತಿ ಎರಡನ್ನೂ ಸಮ ಮಾಡಿದಳು. ಬೆರಳು ತೆಗೆದಾಗ ಮನುಷ್ಯರ ತಟ್ಟೆ ಮತ್ತೆ ಕೆಳಗೆ ಬಿತ್ತು. ಮತ್ತೆ ಒತ್ತಿದಳು.

ನೀನು ಮಾಡಿದ್ದೂ ಅದನ್ನೇ. ಆದರೆ ಅವಳು ನನ್ನ ಮುಖ ನೋಡುತ್ತಲೇ ಒತ್ತಿದಳು.