ಬೆರಳು ಮಡಚಿ ತೋರಿಸು

ಖಾಸಬಾಗ, ಬೆಳಗಾವಿ
೨೯ ಆಗಸ್ಟ್ ೨೦೨೪, ಗುರುವಾರ

ನನ್ನ ಬಂಗಾರದಂಥ ಮಗಳು ನಿಖಿತಾಳಿಗೆ ಅವ್ವ ಮಾಡುವ ಆಶೀರ್ವಾದಗಳು.

ಕಾಗದ ನೋಡಿ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ನಿನ್ನ ಅಪ್ಪ ಆರಾಮ, ನನ್ನ ಮೊಣಕಾಲೂ ತನ್ನ ಪಾಡಿಗೆ ತಾನು ನೋಯುತ್ತ ಆರಾಮ ಇದೆ. ಹೆರಿಗೆ ಆಗುವತನಕ ಫೋನ್ ಮಾಡುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೇನೆ, ಮಾತು ಮುರಿದಿಲ್ಲ. ಕಾಗದ ಬರೆಯಬೇಡ ಎಂದು ನೀನೂ ಹೇಳಿಲ್ಲ, ನಿನ್ನ ಡಾಕ್ಟರೂ ಹೇಳಿಲ್ಲ. ಅವ್ವ ಕಾಗದದಲ್ಲಿ ಸಾಲಿ ಮಾಸ್ತರರ ಹಾಗೆ ಬರೆಯುತ್ತಾಳೆ ಎಂದು ನಗಬೇಡ. ನಮಗೆ ಕಲಿಸಿದ್ದೇ ಹಾಗೆ, ಮಾತಿಗೊಂದು, ಕಾಗದಕ್ಕೊಂದು.

ಆ ದಿನ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. ‘ಅವ್ವಾ, ನೀ ಫೋನ್ ಮಾಡಿದಾಗೊಮ್ಮೆ ನನ್ನ ಎದಿ ಡವಡವ ಅಂತೈತಿ. ಉಂಡ್ಯಾ, ಕಾಲು ಬಾತಾವೇನು, ಕೂಸು ಹೊಳ್ಳಾಡಾಕತ್ತೈತೇನು ಅಂತ ಕೇಳಿ ಕೇಳಿ ನನ್ನೂ ಅಂಜಸ್ತಿ. ಬಿ.ಪಿ. ಏರೈತಿ ಅಂತ ಡಾಕ್ಟರ್ ಹೇಳ್ಯಾರ. ಹಡಿಯೂತನಕ ನಿನ್ನ ಫೋನ್ ಬ್ಯಾಡ.’ ನನಗೂ ಸಿಟ್ಟು ನೆತ್ತಿಗೇರಿತು. ‘ಬ್ಯಾಡಂದ್ರ ಬ್ಯಾಡ, ನಿಮ್ಮ ಖಾನಾಪುರಕ್ಕ ಕಾಲೂ ಇಡೂದಿಲ್ಲ’ ಎಂದು ನಾನು ಒಂದು ಹೆಜ್ಜೆ ಮುಂದೆಯೇ ಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಫೋನನ್ನು ಅಡುಗೆಮನೆಯ ಜೋಳದ ಡಬ್ಬಿಯ ಮೇಲಿಟ್ಟು ನಾನು ಪಡಸಾಲೆಯಲ್ಲಿ ಕೂರುತ್ತೇನೆ.

ಅಳಿಯಂದಿರು ಸಂಜೆಗೊಮ್ಮೆ ನಿನ್ನ ಅಪ್ಪನಿಗೆ ಫೋನ್ ಮಾಡುತ್ತಾರೆ. ಇವರು ಆ ಕಡೆಯಿಂದ ಏನು ಕೇಳಿಸಿಕೊಳ್ಳುತ್ತಾರೋ, ‘ಹೂಂ... ಹೂಂ... ಛಲೋ ಆತ್ರಿ ಬಸವಪ್ರಸಾದ’ ಎಂದು ಇಟ್ಟುಬಿಡುತ್ತಾರೆ. ಏನಂದರು ಎಂದು ಕೇಳಿದರೆ, ‘ಆರಾಮ ಅದಾಳಂತ’. ಅಷ್ಟು ಹೊತ್ತು ಹೂಂಗುಟ್ಟಿದ್ದಕ್ಕೆ ಒಂದೇ ಅರ್ಥವೇ? ಬಿ.ಪಿ. ಇಳಿಯಿತೋ ಇಲ್ಲವೋ ಎಂದು ಕೇಳಲು ಈ ಮನುಷ್ಯನಿಗೆ ಬಾಯಿ ಇಲ್ಲವೇ? ನಾನು ಇವರ ಮುಖ ನೋಡುತ್ತ ಕೂರುತ್ತೇನೆ, ಇವರು ಟಿವಿ ನೋಡುತ್ತ ಕೂರುತ್ತಾರೆ.

ಇರಲಿ, ಬಳ್ಳಿಯ ಸುದ್ದಿ ಹೇಳುತ್ತೇನೆ. ಬಳ್ಳಿಯ ಸುದ್ದಿ ಕೇಳಿದರೆ ಯಾರ ಬಿ.ಪಿ.ಯೂ ಏರುವುದಿಲ್ಲ.

ಬೇಸಿಗೆಯಲ್ಲಿ ನೀನು ಬಂದಾಗ ವಾಂತಿ ಮಾಡಿಕೊಳ್ಳುತ್ತಲೇ ‘ಪಡವಲಕಾಯಿ ಪಲ್ಯ ತಿನ್ನಬೇಕನಸತೈತಿ’ ಅಂದಿದ್ದಿ. ಬಸುರಿಯ ಬಯಕೆ, ಅದೂ ನಿನ್ನದು. ಪೇಟೆಯ ಕಾಯಿ ಒಣಗಿ ತೊಗಲಾಗಿದ್ದವು. ಆಗಲೇ ನಾನು ರವಿವಾರ ಪೇಟೆಗೆ ಹೋಗಿ ಬೀಜ ತಂದು, ಅರ್ಧ ನಿನ್ನ ಕೈಗೆ ಕೊಟ್ಟು, ಅರ್ಧ ಇಟ್ಟುಕೊಂಡು, ಮೊದಲ ಮಳೆಗೆ ಹಿತ್ತಲಲ್ಲಿ ಊರಿದೆ. ನೀವು ಊರಿದಿರೋ, ಡಬ್ಬಿಯಲ್ಲೇ ಬಿಟ್ಟಿರೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ನಿನ್ನ ಅತ್ತೆ ಶಿವಲಿಂಗವ್ವನವರು ಕುಂಡದಲ್ಲಿ ಗುಲಾಬಿ ಬೆಳೆಸುವವರು, ಹಂದರದ ಗೊಡವೆ ಅವರಿಗೆಲ್ಲಿ.

ನನ್ನ ಬಳ್ಳಿ ಮಾತ್ರ ಜೋರಾಗಿ ಎದ್ದಿತು. ನಿನ್ನ ಅಪ್ಪ ಬಿದಿರು ನಿಲ್ಲಿಸಿದರು, ಹಿಂದಿನ ಓಣಿಯ ಮಗ್ಗದವರಿಂದ ಹಳೆಯ ನೂಲು ಬೇಡಿ ತಂದು ನಾನು ಹಂದರ ಹೆಣೆದೆ. ಸಂಜೆಯಾದರೆ ಬಿಳಿ ಹೂ ಅರಳುತ್ತವೆ, ಅಂಚಿಗೆಲ್ಲ ದಾರ ಬಿಚ್ಚಿದ ಹಾಗೆ ಎಳೆ ಎಳೆ. ಹೂವಿನ ಬೆನ್ನಿಗೆ ಹೀಚು ಕಂಡ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಅಂದಿನಿಂದಲೇ ಅಂಜಿಕೆಯೂ ಶುರುವಾಯಿತು.

ಹೀಚಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆತು ಉದುರುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ನೀನು ಸಣ್ಣವಳಿದ್ದಾಗ ಇದನ್ನು ಕಲಿಸಿದ್ದೆ. ಆಮೇಲೆ ನೀನು ಹೀರೇಕಾಯಿಗೂ, ನಾಯಿಮರಿಗೂ, ಚಂದಪ್ಪನಿಗೂ ಬೆರಳು ಮಡಚಿಯೇ ತೋರಿಸುತ್ತಿದ್ದಿ, ಓಣಿಯೆಲ್ಲ ನಗುತ್ತಿತ್ತು. ಕಾಲೇಜಿಗೆ ಹೋದ ಮೇಲೆ ‘ಇದೆಲ್ಲಾ ಮೂಢನಂಬಿಕಿ ಬಿಡವ್ವಾ’ ಎಂದು ನನಗೇ ಪಾಠ ಹೇಳಿದಿ. ಹೇಳು, ಓದಿಸಿದವರು ನಾವೇ ಅಲ್ಲವೇ.

ಬಾಜು ಮನೆಯ ಮರಾಠಿ ಮನೆತನದ ಶೀತಲ ವೈನಿಗೆ ಮಾತ್ರ ಎಷ್ಟು ಹೇಳಿದರೂ ಅಷ್ಟೆ. ಗೋಡೆಯ ಆಚೆಯಿಂದ ಪೂರಾ ತೋಳು ಚಾಚಿ, ‘ಅಗಬಾಯಿ! ಪಡವಳ ಹಿಡದೈತಲ್ರಿ ಚಂದ್ರವ್ವಾ!’ ಅಂದಳು. ಆ ಬೆರಳು ನೆಟ್ಟಗೆ ಹೀಚಿನ ಮೇಲೆಯೇ. ನಾನು ಲಗುಬಗೆಯಿಂದ ಹೀಚಿಗೆ ಸೆರಗು ಮರೆ ಮಾಡಿದೆ. ವಾರ ತುಂಬುವುದರೊಳಗೆ ಹೀಚು ಹಳದಿಯಾಗಿ, ಮುರುಟಿ, ಬಿದ್ದುಹೋಯಿತು. ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಅತ್ತೆ.

ನಿನ್ನ ಅಪ್ಪ ಬಿದ್ದ ಹೀಚನ್ನು ಸೀಳಿ ಒಳಗಿನ ಹುಳ ತೋರಿಸಿದರು. ‘ನೊಣ ಕಡದು ತತ್ತಿ ಇಟ್ಟೈತಿ, ಶೀತಲನ ಬೆರಳು ಏನ್ ಮಾಡೀತು? ಕೊರಳಾಗ ಲಿಂಗ ಕಟ್ಟಿಕೊಂಡಾಕಿ ಶಕುನ ನೋಡ್ತಿ, ನಾಚಿಕಿ ಬರಂಗಿಲ್ಲೇನ?’ ಅಂದರು. ನಾಚಿಕೆ ಬರುತ್ತದೆ. ಆದರೆ ನಾಚಿಕೆ ಬೇರೆ, ಅಂಜಿಕೆ ಬೇರೆ. ಶಕುನ ನೋಡಬಾರದು ಎಂದು ನನಗೂ ಗೊತ್ತಿದೆ, ನನ್ನ ಹೊಟ್ಟೆಗೆ ಗೊತ್ತಿಲ್ಲ.

ಆಮೇಲೆ ನನ್ನ ಹಳೆಯ ಇಳಕಲ್ ಸೀರೆ ಹರಿದು, ನೊಣ ಕೂರದ ಹಾಗೆ ಹೀಚುಗಳಿಗೆ ಉದ್ದುದ್ದ ಚೀಲ ಹೊಲಿದೆ. ಬೆಳೆದಂತೆ ಬಿಚ್ಚಿ ದೊಡ್ಡದು ತೊಡಿಸಿದೆ. ಶೀತಲ ವೈನಿ, ‘ಮೊಮ್ಮಗಗ ಕುಂಚಿಗಿ ಹೊಲಿಯೂದು ಬಿಟ್ಟು ಪಡವಳಕ್ಕ ಅಂಗಿ ಹೊಲಿಯಾಕತ್ತೀರೇನ್ರಿ’ ಎಂದು ಬಿದ್ದು ಬಿದ್ದು ನಕ್ಕಳು. ನಗಲಿ. ಹುಟ್ಟುವ ಮೊದಲು ಕೂಸಿಗೆ ಏನೂ ಹೊಲಿಯಬಾರದು. ಕೈ ಸುಮ್ಮನಿರುವುದಿಲ್ಲವಲ್ಲ ತಂಗೀ, ಅದಕ್ಕೆ ಪಡವಲಕ್ಕೆ ಹೊಲಿದೆ.

ಒಂದು ಮಾತು ಹೇಳಿಬಿಡುತ್ತೇನೆ, ಫೋನಿನಲ್ಲಿ ಹೇಳಲಾಗಿಲ್ಲ. ಕಳೆದ ವರ್ಷ ಐದನೆಯ ತಿಂಗಳಲ್ಲಿ ಆ ಬಸಿರು ಹೋಯಿತಲ್ಲ, ಆಸ್ಪತ್ರೆಯಲ್ಲಿ ನಿನ್ನ ಮಂಚದ ಹತ್ತಿರ ಬಂದೆ. ನೀನು ಅಳಲಿಲ್ಲ. ‘ಅವ್ವಾ’ ಎಂದೂ ಅನ್ನಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಿ. ಆ ಬೆನ್ನು ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಫೋನಿನಲ್ಲಿ ನೀನು ಉತ್ತರ ಕೊಡಲು ಸ್ವಲ್ಪ ತಡ ಮಾಡಿದರೂ ನನಗೆ ಆ ಬೆನ್ನೇ ಕಾಣುತ್ತದೆ. ಅದಕ್ಕೇ ಉಂಡ್ಯಾ, ಕಾಲು ಬಾತಾವೇನು ಎಂದು ಕೇಳುವುದು. ನಿನ್ನ ಊಟದ ಲೆಕ್ಕ ನನಗೆ ಬೇಕಾಗಿಲ್ಲ, ನೀನು ಈ ಕಡೆ ಹೊರಳಿದರೆ ಸಾಕು.

ನೋಡು, ಬಳ್ಳಿಯ ಸುದ್ದಿ ಎಲ್ಲಿಗೋ ಹೋಯಿತು. ಒಂದು ಹೀಚು ಚೀಲದೊಳಗೆ ಚೆನ್ನಾಗಿ ಬೆಳೆಯತೊಡಗಿತು. ಪಡವಲಕಾಯಿಯನ್ನು ಹಾಗೇ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ತುದಿಗೆ ದಾರದಿಂದ ಒಂದು ಕಲ್ಲು ಕಟ್ಟಿ ಇಳಿಬಿಟ್ಟರೆ ನೆಟ್ಟಗೆ ಬರುತ್ತದೆ. ನನಗೆ ತಡೆಯಲಾಗಲಿಲ್ಲ. ಇನ್ನೂ ಬೆರಳು ಗಾತ್ರ ಇತ್ತು, ಆಗಲೇ ದೊಡ್ಡದೊಂದು ಕಲ್ಲು ಹುಡುಕಿ ಕಟ್ಟಿದೆ, ಲಗೂನೆ ನೆಟ್ಟಗಾಗಲಿ, ಸೊಟ್ಟಾಗದಿರಲಿ ಎಂದು. ಮುಂಜಾನೆ ಹೋಗಿ ನೋಡಿದರೆ ತೊಟ್ಟು ಹರಿದು, ಕಲ್ಲೂ ಕಾಯಿಯೂ ಎರಡೂ ಕೆಳಗೆ. ಆ ದಿನ ನೊಣವೂ ಇರಲಿಲ್ಲ, ಶೀತಲನ ಬೆರಳೂ ಇರಲಿಲ್ಲ. ಯಾರನ್ನು ಬಯ್ಯಲಿ?

ಒಳಗೆ ಹೋಗಿ ಫೋನ್ ಕೈಗೆ ತೆಗೆದುಕೊಂಡೆ. ಖರೇ ಹೇಳುತ್ತೇನೆ, ನಿನ್ನ ಹೆಸರು ಒತ್ತುವುದೊಂದೇ ಬಾಕಿ. ನಿನ್ನ ಅಪ್ಪ ಬಾಗಿಲಲ್ಲಿ ನಿಂತು ಕಲ್ಲನ್ನು ಅಂಗೈಯಲ್ಲಿ ತೂಗಿ ನೋಡುತ್ತ, ‘ನೆಟ್ಟಗಾಗಲಿ ಅಂತ ಕಟ್ಟಿದಿ, ತೊಟ್ಟ ಹರೀತು. ಎಳೇದಕ್ಕ ಇಷ್ಟು ಭಾರ ತಡೀತೈತೇನ ಚಂದ್ರವ್ವಾ?’ ಅಂದರು. ಅವರು ಕಾಯಿಯ ಮಾತೇ ಆಡಿದರು. ನಾನು ಫೋನನ್ನು ತಿರುಗಿ ಜೋಳದ ಡಬ್ಬಿಯ ಮೇಲಿಟ್ಟೆ.

ಅಂದಿನಿಂದ ಅಡಿಕೆ ಗಾತ್ರದ ಕಲ್ಲು ಆರಿಸಿ ಕಟ್ಟತೊಡಗಿದೆ. ಕಾಯಿಗಳು ತಾವಾಗಿಯೇ ಇಳಿದವು, ಎಷ್ಟು ನೆಟ್ಟಗೆ ಎಂದರೆ ಒಂದು ಕಾಯಿ ಇನ್ನೇನು ನೆಲ ಮುಟ್ಟುವುದರಲ್ಲಿತ್ತು. ಎಳೆಯವನ್ನೇ ನೋಡಿ ಕೊಯ್ದು, ಮಂಗಳವಾರ ಕರೆಪ್ಪನ ಕೈಯಲ್ಲಿ ಕಳಿಸಿದೆ. ನಮ್ಮ ಓಣಿಯ ಕರೆಪ್ಪ ಗೊತ್ತಲ್ಲ, ದಿನಾ ಖಾನಾಪುರಕ್ಕೆ ಕೆಲಸಕ್ಕೆ ಹೋಗಿಬರುವವನು. ಒಳಗೆ ಬರಲು ಸಂಕೋಚವಾಗಿ ನಿಮ್ಮ ಗೇಟಿಗೇ ಚೀಲ ಸಿಕ್ಕಿಸಿ ಬಂದನಂತೆ. ಬಸ್ಸಿನಲ್ಲಿ ಕಾಯಿಗಳು ಚೀಲದಿಂದ ತಲೆ ಹೊರಗೆ ಹಾಕಿ ಬಾಜೂ ಕುಳಿತವರ ಮುಖಕ್ಕೆ ತಾಗುತ್ತಿದ್ದವಂತೆ. ಕಂಡಕ್ಟರ್, ‘ನಿಮಗ ಪುಕ್ಕಟ ಐತ್ರಿ, ಇವಕ್ಕಿಲ್ಲ. ಇವಕ್ಕ ತಿಕೀಟ ತಗೋರಿ’ ಎಂದು ಚಾಷ್ಟಿ ಮಾಡಿದನಂತೆ. ಬಸ್ಸಿನವರೆಲ್ಲ ನಕ್ಕರಂತೆ.

ಚೀಲ ನಿಮ್ಮ ಕೈಗೆ ಸಿಕ್ಕಿತೆಂದು ತಿಳಿಯುತ್ತೇನೆ. ಕಾಯಿಯ ಮೇಲಿನ ಬಿಳಿ ಬೂದಿ ಹೋಗುವ ಹಾಗೆ ಉಪ್ಪು ಹಚ್ಚಿ ತಿಕ್ಕಿ ತೊಳೆಯಿರಿ. ಹೆಸರುಬೇಳೆ, ಹಸಿ ಕೊಬ್ಬರಿ ಹಾಕಿ ಪಲ್ಯ ಮಾಡಿದರೆ ನಿನಗೆ ಸೇರುತ್ತದೆ. ತಿರುಳು ಚೆಲ್ಲಬೇಡಿ, ಹುರಿದು ಬೆಳ್ಳುಳ್ಳಿ ಹಾಕಿ ಚಟ್ನಿ ಅರೆಯಬಹುದು. ನೀನು ಅರೆಯಲು ಕೂರಬೇಡ, ಬಸವಪ್ರಸಾದರು ಮಿಕ್ಸರ್ ತಿರುಗಿಸಲಿ, ಕೈಯೇನೂ ಸವೆಯುವುದಿಲ್ಲ. ಉಪ್ಪು ಕಡಿಮೆ ಇರಲಿ. ಡಾಕ್ಟರು ಉಪ್ಪಿನ ಬಗ್ಗೆ ಏನು ಹೇಳಿದರು? ಬೇಡ, ಬಿಡು, ಕೇಳುವುದಿಲ್ಲ.

ಇನ್ನೊಂದೂ ಕೇಳಬಾರದು, ಆದರೂ ಕೇಳುತ್ತೇನೆ. ಬರುವ ತಿಂಗಳು ನಿನ್ನ ಕುಬಸ. ನಾವು ಬಂದು ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುತ್ತೇವೆ. ಅದಾದ ಮೇಲೆ ಮಗಳು ಹಡೆಯಲು ತವರಿಗೆ ಬರುವುದು ರೂಢಿ. ನೀನು ‘ನೋಡೂಣು’ ಅಂದಿದ್ದಿ. ‘ನೋಡೂಣು’ ಎಂಬುದನ್ನು ನಾನು ಬರುತ್ತೇನೆ ಎಂದೂ ಓದಿ ನೋಡಿದೆ, ಬರುವುದಿಲ್ಲ ಎಂದೂ ಓದಿ ನೋಡಿದೆ. ಹಿತ್ತಲ ಕಡೆಯ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಮಂಚವನ್ನು ಕಿಟಕಿಯ ಹತ್ತಿರ ಎಳೆದಿದ್ದೇನೆ, ಮಲಗಿದಲ್ಲಿಂದಲೇ ಹಂದರ ಕಾಣುತ್ತದೆ. ಆಸ್ಪತ್ರೆ ಇಲ್ಲಿಂದ ಹತ್ತಿರ. ನಿಮ್ಮಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ನೋವು ಬಂದರೆ, ರಸ್ತೆಯಲ್ಲಿ ಗಾಡಿ ನಿಂತರೆ, ಡಾಕ್ಟರು ಊರಲ್ಲಿ ಇಲ್ಲದಿದ್ದರೆ...

ನೋಡು, ಮತ್ತೆ ದೊಡ್ಡ ಕಲ್ಲು ಕಟ್ಟಿದೆ. ಇಷ್ಟಕ್ಕೇ ನಿಲ್ಲಿಸುತ್ತೇನೆ.

ಅತ್ತೆಯವರಿಗೆ ನನ್ನ ಶರಣು ಹೇಳು. ಅಳಿಯಂದಿರಿಗೆ ಆಶೀರ್ವಾದ ತಿಳಿಸು. ಎಡಕ್ಕೆ ಹೊರಳಿ ಮಲಗು. ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ, ಬರೆದರೆ ಬೇಡವೆನ್ನುವುದಿಲ್ಲ.

ನಿನ್ನನ್ನು ನೆನೆಯದೆ ತುತ್ತು ಎತ್ತದ
ನಿನ್ನ ಅವ್ವ
ಚಂದ್ರವ್ವ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದೆ. ನೀನು ಜಾಣೆ, ಗಂಡಸಾದ ಕರೆಪ್ಪನಿಗೆ ಬಸ್ಸಿನಲ್ಲಿ ಎಲ್ಲಿಯ ಪುಕ್ಕಟೆ ಎಂದು ಓದುವಾಗಲೇ ಹುಬ್ಬೇರಿಸಿರುತ್ತಿ. ಮಂಗಳವಾರ ಬಂದದ್ದು ನಾನೇ. ಕಾಲಿಡುವುದಿಲ್ಲ ಎಂದವಳು ಕಾಲಿಟ್ಟೆ. ಅಪ್ಪನಿಗೆ ಕೋಟೆಯ ಹತ್ತಿರ ಯಾರನ್ನೋ ಮಾತಾಡಿಸಿ ಬರುತ್ತೇನೆ ಎಂದು ಹೇಳಿ ಬಂದಿದ್ದೆ. ಈ ಕಾಗದವನ್ನು ಮಾತ್ರ ಖರೇವಂದರೂ ಕರೆಪ್ಪನೇ ತಂದುಕೊಡುತ್ತಾನೆ.

ಜಿಟಿಜಿಟಿ ಮಳೆ ಇತ್ತು, ಕೊಡೆ ಮುಖದ ತನಕ ಇಳಿಸಿಕೊಂಡು ಗೇಟಿನ ಹತ್ತಿರ ನಿಂತೆ. ಚೀಲ ಸಿಕ್ಕಿಸಿ ಹೊರಳಬೇಕು ಎನ್ನುವಷ್ಟರಲ್ಲಿ ಒಳಗೆ ಹಂದರ ಕಂಡಿತು. ನಾನು ಕೊಟ್ಟ ಬೀಜದ್ದೇ ಬಳ್ಳಿ. ಶಿವಲಿಂಗವ್ವನವರ ಮೇಲೆ ಆಡಿದ ಗುಲಾಬಿಯ ಮಾತು ನನ್ನ ಬಾಯಿಯ ಚಪಲ, ಅದನ್ನು ಮರೆತುಬಿಡು. ಅವರು ಜಗಲಿಗೆ ಕುರ್ಚಿ ತಂದು ನಿನ್ನನ್ನು ಕೂರಿಸಿ, ಕಾಲ ಕೆಳಗೆ ಮಣೆ ಸರಿಸಿದರು. ಆಮೇಲೆ ಒಂದು ಹೀಚಿನ ಕಡೆ ಉದ್ದಕ್ಕೆ ಬೆರಳು ಚಾಚಿದರು. ನೀನು ಗಪ್ಪನೆ ಅವರ ಬೆರಳು ಹಿಡಿದು ಮಡಚಿ, ‘ಹಿಂಗ ತೋರಸಬೇಕ್ರಿ ಅತ್ತಿ’ ಅಂದಿ. ಇಬ್ಬರೂ ನಕ್ಕಿರಿ. ನಿನ್ನ ಆ ನಗು ಕೇಳಿ ವರ್ಷವಾಗಿತ್ತು.

ಮೂಢನಂಬಿಕೆ ಅಂದವಳು ನೀನು. ಆಗ ನನಗೆ ತಿಳಿಯಿತು, ಅಂಜಿಕೆ ನಿನಗೂ ಇದೆ. ನಾನು ಬಾಯಿ ತುಂಬ ಹೇಳುತ್ತೇನೆ, ನೀನು ಬೆರಳು ಮಡಚುತ್ತಿ, ಅಷ್ಟೇ. ಬಸ್ಸಿನಲ್ಲಿ ಬೆಳಗಾವಿ ಬರುವತನಕ ಅಳುತ್ತ ಬಂದೆ, ಆದರೂ ಆ ದಿನ ಹೊಟ್ಟೆ ತಣ್ಣಗಿತ್ತು.

ಇಲ್ಲಾದರೂ ಹಡಿ, ಅಲ್ಲಾದರೂ ಹಡಿ. ಸುಣ್ಣ ಹೊಡೆಸಿದ ಕೋಣೆ ಎಲ್ಲಿಗೂ ಹೋಗುವುದಿಲ್ಲ. ನೋವು ಬಂದಾಗ ಮಾತ್ರ ನನ್ನನ್ನು ಕರಿ ತಂಗೀ. ಇನ್ನೊಮ್ಮೆ ಗೇಟಿನಿಂದಲೇ ಹೊರಳಿ ಹೋಗುವುದು ನನ್ನಿಂದಾಗುವುದಿಲ್ಲ.