ಮಾವನ ಸೂಸಾಫೋನ್

ವಿಸ್ಕಾನ್ಸಿನ್, ಶುಕ್ರವಾರ

ವಾದ್ಯವೃಂದದ ಮೇಷ್ಟ್ರು ಹಾಲ್ವರ್ಸನ್ ಅವರಿಗೆ,

ಇವತ್ತು ನಮ್ಮ ಕ್ಯಾಥೊಲಿಕರ ಶುಕ್ರವಾರದ ಉಪವಾಸ. ಹಾಲು ಕರೆದು, ಒಲೆಗೆ ಸೌದೆ ಹಾಕಿ ಬರೆಯಲು ಕೂತಿದ್ದೇನೆ.

ನಮ್ಮ ಅಟ್ಟದಲ್ಲಿ ಧೂಳು ಹಿಡಿದಿದ್ದ ಮಾವನ ಹಳೆಯ ಹಿತ್ತಾಳೆ ಕಹಳೆಯನ್ನು, ಆ ದೈತ್ಯ ಸೂಸಾಫೋನನ್ನು, ಒಯ್ದು, ಕ್ರಿಸ್ಮಸ್ ಸಂಗೀತ ಕಚೇರಿಯಲ್ಲಿ ನಿಮ್ಮ ವೃಂದದ ಹುಡುಗಿಯ ಕೈಲಿ ಮೊಳಗಿಸಿದಿರಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಕಿವಿ ಹೋದ ಮೇಲೆ ಮಾವ ಮಾತನ್ನೂ ಬಿಟ್ಟಿದ್ದರು. ಅವತ್ತು ಅದರ ನಾದಕ್ಕೆ ಕೂತ ಬೆಂಚೇ ನಡುಗಿತಲ್ಲ, ಆ ಬೆಂಚಿಗೆ ಅಂಗೈ ಒತ್ತಿಕೊಂಡು, “ಏ ಬರ್ನಡೀನ್, ಆ ಹುಡುಗಿ ಸ್ವರದ ನಡುನಡುವೆ ಉಸಿರು ತಗೋತಾಳೆ ಕಣೇ, ತಗೋಬಾರದು!” ಎಂದು ಸಭೆಯಲ್ಲೇ ಕೂಗಿದರು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ವಾದ್ಯ ನಿಮ್ಮಲ್ಲೇ ಇರಲಿ. ಅಭ್ಯಾಸದ ದಿನ ಮಾವನನ್ನು ಅದರ ಪಕ್ಕ ಕೂರಿಸಿಕೊಳ್ಳುತ್ತೀರಾ? ಮಾವ ಬೈದರೆ ಹುಡುಗಿ ಬೇಸರಪಡದಿರಲಿ. ಅವರು ಆಗಲೇ ಬೂಟಿಗೆ ಪಾಲಿಶ್ ಹಾಕಿ ಕಾಯುತ್ತಿದ್ದಾರೆ. ಹಾಲಿನ ಲಾರಿಯ ಸ್ಟ್ಯಾನ್ ನಾಳೆ ನಿಮ್ಮಲ್ಲಿಗೆ ಬರುತ್ತಾನೆ. ಉತ್ತರವನ್ನು ಅವನ ಕೈಗೇ ಕೊಟ್ಟು ಕಳುಹಿಸಿ.

ನಿಮ್ಮ ಋಣದಲ್ಲಿರುವ,
ಬರ್ನಡೀನ್ ಕುಲಾಸ್